ಗುಣವಾದವಳ ಸಾಕ್ಷಿ

ನಮ್ಮ ಮನೆಯಲ್ಲಿ ದೇವರು ಮೊದಲಿನಿಂದಲೂ ಧಾರವಾಡದ ಕಡೆಯ ಕನ್ನಡವನ್ನೇ ಕೇಳುತ್ತಾ ಬಂದವನು. ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ಲೋಕಲ್ ರೈಲಿನಲ್ಲಿ ಹಿಂದಿ. ಆದರೆ ವಡಾಲದ ಕಾಲನಿಯ ಆ ಎರಡು ಕೋಣೆಯ ಮನೆಯಲ್ಲಿ ಅಜ್ಜಿ ಕಣ್ಣು ಮುಚ್ಚಿ ಕೂತಳೆಂದರೆ ಅವನಿಗೆ ಬೇರೆ ದಾರಿ ಇರುತ್ತಿರಲಿಲ್ಲ. ನಾನು ಕನ್ನಡ ಕಲಿತದ್ದೂ ಆ ಪ್ರಾರ್ಥನೆ ಕೇಳಿಯೇ. ಅಜ್ಜಿ ಬೇಡುವುದಕ್ಕಿಂತ ಬೈಯುವುದೇ ಹೆಚ್ಚು.

"ಏನಪಾ ತಂದಿ, ಮೊಣಕಾಲ ನೋವಂತ ಹ್ವಾದ ವಾರನೂ ಹೇಳೀನಿ, ಈ ವಾರನೂ ಹೇಳಾಕತ್ತೀನಿ. ಕಿವಿ ಕೇಳಸ್ತಾವೋ ಇಲ್ಲೋ ನಿನಗ?" ಎಂದು ಶುರುವಾದರೆ ನಲ್ಲಿಗೆ ನೀರು ಬಾರದ್ದು, ಮೇಲಿನ ಮನೆಯವರು ಬೆಳಗಿನ ಜಾವಕ್ಕೇ ಕುಟ್ಟಲು ಕೂರುವುದು, ಊರಿನ ತಮ್ಮ ತಿಂಗಳಾದರೂ ಕಾಗದ ಹಾಕದ್ದು ಎಲ್ಲವೂ ಅವನ ತಲೆಗೇ ಬರುತ್ತಿತ್ತು. ಎಲ್ಲ ಹೇಳಿ ಮುಗಿಸಿ, "ಆತು, ನೀನ ನೋಡಕೋ" ಎಂದು ಆಮೆನ್ ಹೇಳಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಮೊಣಕಾಲು ನೋವು ಅವಳ ಜೊತೆಗೇ ಮಣ್ಣಿಗೆ ಹೋಯಿತು. ದೇವರ ಜೊತೆಗಿನ ಮಾತುಕತೆ ಮಾತ್ರ ಕೊನೆಯವರೆಗೂ ನಿಲ್ಲಲಿಲ್ಲ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣವಿದೆ. ಅಕ್ಕನೂ ನಾನೂ ಆ ಅಜ್ಜಿಯ ಚಾಪೆಯ ಮೇಲೇ ಕೂತು ಬೆಳೆದವರು. ಅಂಥ ಅಜ್ಜಿಯ ಮೊಮ್ಮಗಳು ನೋಯುತ್ತಿದೆ ಎಂದು ಬಾಯಿ ಬಿಟ್ಟು ಹೇಳಲಾರದೆ ಸತ್ತಳು.

ಅಕ್ಕ ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದವಳು. ಭಾವ ತೀರಿಕೊಂಡು ವರ್ಷಗಳಾಗಿದ್ದವು. ಅಜ್ಜಿಯ ಅದೇ ಮನೆಯಲ್ಲಿ ಮಗಳೊಂದಿಗೆ ಇದ್ದಳು, ನಾನು ಚೆಂಬೂರಿನಲ್ಲಿ. ಅವಳ ಹೊಟ್ಟೆಯಲ್ಲಿ ಗಡ್ಡೆ ಇದೆಯೆಂದು ಗೊತ್ತಾದಾಗ ನಮ್ಮ ಸಭೆ ಕೈಕಟ್ಟಿ ಕೂರಲಿಲ್ಲ, ಸುಳ್ಳು ಹೇಳಬಾರದು. ನಮ್ಮದು ಸಣ್ಣ ಕನ್ನಡ ಸಭೆ. ಸ್ವಂತ ಚರ್ಚಿಲ್ಲ, ಮರಾಠಿಯವರ ಆರಾಧನೆ ಮುಗಿದ ಮೇಲೆ ಅವರ ಬೆಂಚುಗಳ ಬಿಸಿ ಆರುವ ಮುಂಚೆ ನಾವು ಹೋಗಿ ಕೂರುತ್ತೇವೆ. ಮಂಗಳೂರು ಕಡೆಯವರು, ಹುಬ್ಬಳ್ಳಿ ಗದಗದ ಕಡೆಯವರು. ಊರಿನಲ್ಲಿದ್ದಿದ್ದರೆ ಒಬ್ಬರ ಮಾತಿಗೆ ಇನ್ನೊಬ್ಬರು ನಗುತ್ತಿದ್ದೆವೇನೋ, ಇಲ್ಲಿ ಒಂದೇ ಮನೆಯವರು. ಆಪರೇಷನ್ನಿನ ದಿನ ಅವರಲ್ಲಿ ಬಹಳ ಮಂದಿ ಉಪವಾಸವಿದ್ದರು. ಕೀಮೋ ನಡೆದಷ್ಟು ಕಾಲ ಗಂಜಿ ಒಬ್ಬರ ಮನೆಯಿಂದ, ಎಳನೀರು ಇನ್ನೊಬ್ಬರ ಮನೆಯಿಂದ. ಆಸ್ಪತ್ರೆಯ ಸಾಲಿನಲ್ಲಿ ನಮಗಿಂತ ಮೊದಲೇ ಹೋಗಿ ಯಾರೋ ಒಬ್ಬರು ನಿಂತಿರುತ್ತಿದ್ದರು. ಆ ಪ್ರೀತಿಯನ್ನು ನಾನು ಮರೆತಿಲ್ಲ. ಮರೆತಿದ್ದರೆ ಇಷ್ಟು ಕಹಿ ಉಳಿಯುತ್ತಿರಲಿಲ್ಲ.

ಚಿಕಿತ್ಸೆಯೆಲ್ಲ ಮುಗಿದು, ಸದ್ಯಕ್ಕೆ ಏನೂ ಕಾಣುವುದಿಲ್ಲ, ಆಗಾಗ ಬಂದು ಸ್ಕ್ಯಾನ್ ಮಾಡಿಸಿಕೊಳ್ಳಬೇಕು ಎಂದರು ಡಾಕ್ಟರು. ಆ ವಾರದ ಮನೆಪ್ರಾರ್ಥನೆ ಅಕ್ಕನ ಮನೆಯಲ್ಲೇ ಇತ್ತು. ಹಾಡು, ವಾಕ್ಯ ಓದುವುದು ಮುಗಿದ ಮೇಲೆ ನಮ್ಮಲ್ಲಿ ಸಾಕ್ಷಿಯ ಸಮಯವೆಂದು ಒಂದಿರುತ್ತದೆ. ದೇವರಿಂದ ಒಳ್ಳೆಯದನ್ನು ಪಡೆದವರು ಎದ್ದು ನಿಂತು ಹೇಳಬೇಕು, ಹೇಳಿ ಮುಗಿಸಿದ ಕೂಡಲೇ ಉಳಿದವರು "ದೇವರಿಗೆ ಸ್ತೋತ್ರ" ಎನ್ನಬೇಕು.

ಈ ಸಮಯ ನಡೆಸುತ್ತಿದ್ದವರು ಸಭೆಯ ಹಿರಿಯರೊಬ್ಬರು, ನಮಗೆಲ್ಲ ಅಂಕಲ್. ಮಂಗಳೂರು ಕಡೆಯವರು, ಚೆಂಬೂರಿನ ಆಚೆ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಅವರದೇ ಒಂದು ಹಳೆಯ ಸಾಕ್ಷಿ ಇತ್ತು. ಏಣಿಯಿಂದ ಬಿದ್ದು ಸೊಂಟ ಮುರಿದದ್ದು, ಇನ್ನು ನೆಟ್ಟಗೆ ನಡೆಯಲಾರಿರಿ ಎಂದು ಡಾಕ್ಟರು ಹೇಳಿದ್ದು, ಸಭೆ ಪ್ರಾರ್ಥಿಸಿದ ಮೇಲೆ ಎದ್ದು ನಡೆದದ್ದು. ನಾವೆಲ್ಲ ಅದಕ್ಕೆ ಸೊಂಟದ ಸಾಕ್ಷಿ ಎನ್ನುತ್ತಿದ್ದೆವು. ಎಷ್ಟು ಸಲ ಕೇಳಿದ್ದೆವೆಂದರೆ ಯಾವ ಮಾತಿಗೆ ಅವರು ಕನ್ನಡಕ ತೆಗೆಯುತ್ತಾರೆಂಬುದು ಮಕ್ಕಳಿಗೂ ಗೊತ್ತಿತ್ತು. ನಾವು ಚಾಪೆಯ ಮೇಲೆ, ಅವರು ಯಾವಾಗಲೂ ಕುರ್ಚಿಯ ಮೇಲೆ. ಹಿರಿಯರಲ್ಲವೇ, ಯಾರೂ ಕೇಳುತ್ತಿರಲಿಲ್ಲ.

ಅಕ್ಕ ಎದ್ದು ನಿಂತಳು. ತಲೆಯಲ್ಲಿ ಕೂದಲು ಆಗಷ್ಟೇ ಮೊಳೆಯುತ್ತಿತ್ತು, ಸೆರಗು ಹೊದ್ದಿದ್ದಳು. "ಈಗೇನೂ ಕಾಣಸೂದಿಲ್ಲ ಅಂತ ಡಾಕ್ಟ್ರು ಹೇಳ್ಯಾರ್ರೀ. ನೀವೆಲ್ಲಾರೂ ಮಾಡಿದ್ದು ನಾ ಮರಿಯೂದಿಲ್ಲ" ಎಂದು ಕೂರಲು ಹೋದಳು.

"ನಿಲ್ಲಿ ಸಿಸ್ಟರ್," ಎಂದರು ಹಿರಿಯರು. "ಡಾಕ್ಟ್ರು ಹೇಳಿದ್ದು ಹಾಗಿರಲಿ. ದೇವರು ಎಂತ ಮಾಡಿದ, ಅದು ಹೇಳಿ. ಗುಣ ಆಯ್ತಾ ಇಲ್ವಾ?"

ಅಕ್ಕ ಒಮ್ಮೆ ಸುತ್ತ ನೋಡಿದಳು. ಗಂಜಿ ತಂದವರು, ಸಾಲಿನಲ್ಲಿ ನಿಂತವರು, ಎಲ್ಲರೂ ಅವಳನ್ನೇ ನೋಡುತ್ತಿದ್ದರು. "ಗುಣ ಆಗೇದ್ರಿ" ಎಂದಳು.

"ಪೂರ್ತಿ?"

"ಪೂರ್ತಿ."

"ದೇವರಿಗೆ ಸ್ತೋತ್ರ!" ಎಂದಿತು ಇಡೀ ಮನೆ. ಪಕ್ಕದ ಮನೆಯ ಮರಾಠಿ ಮೌಶಿ ಏನಾಯಿತೋ ಎಂದು ಬಾಗಿಲಿಗೆ ಬಂದು ಇಣುಕಿದಳು.

ಅಲ್ಲಿಂದ ಮುಂದೆ ಅಕ್ಕನ ಸಾಕ್ಷಿ ಹಾರ್ಬರ್ ಲೈನಿನ ರೈಲು ಹತ್ತಿ ಓಡಾಡತೊಡಗಿತು. ಯಾರ ಮನೆಯಲ್ಲಿ ಕಾಯಿಲೆ ಇದ್ದರೂ ಅಕ್ಕನನ್ನು ಕರೆಯುವುದು, ಅಕ್ಕ ಹೋಗಿ ನಿಂತು ಹೇಳುವುದು. ಸಾಯುವ ಭಯದಲ್ಲಿದ್ದವರ ಮುಖ ಅವಳನ್ನು ನೋಡಿ ಅರಳುತ್ತಿದ್ದದ್ದನ್ನು ನಾನೂ ಕಂಡಿದ್ದೇನೆ. ಇಷ್ಟರ ನಡುವೆ ಸ್ಕ್ಯಾನಿನ ದಿನ ಬಂತು, ಹೋಯಿತು. ಯಾಕೆ ಹೋಗಲಿಲ್ಲ ಎಂದು ಅಕ್ಕನನ್ನು ಕೇಳಿದೆ.

"ಅಲ್ಲೋ, ಗುಣ ಆಗೇದ ಅಂತ ಅಷ್ಟ ಮಂದಿ ಮುಂದ ಹೇಳಿ ಬಂದೀನಿ. ಮತ್ತ ಹೋಗಿ ಮಷಿನ್ನಾಗ ಮಲಕೊಂಡು ಹೌದೋ ಅಲ್ಲೋ ಅಂತ ನೋಡಸ್ಲೇನು? ಅವಂಗ ಹೆಂಗ ಅನಸಬೇಕು?"

"ಅವಂಗೇನೂ ಅನಸೂದಿಲ್ಲಕ್ಕಾ. ನಿಮ್ಮ ಅಂಕಲ್‌ಗೆ ಅನಸ್ತದ."

"ಹಲ್ಲ ಉದರಸ್ತೀನಿ ನೋಡು" ಎಂದು ನಕ್ಕಳು. ನಗುತ್ತಿದ್ದವಳು ಚಹಾ ಸೋಸಲು ಒಳಗೆ ಹೋದಳು. ಮಾತು ಅಲ್ಲಿಗೆ ಮುಗಿಯಿತು.

ಹಾಡಿನ ವಿಷಯ ಹೇಳಬೇಕು. ಅಕ್ಕನದು ಸಣ್ಣ ದನಿ, ಮೊದಲಿನಿಂದಲೂ ಹಿಂದಿನ ಸಾಲಿನ ದನಿ. ಆ ವರ್ಷ ಮಾತ್ರ ಅದು ಬೇರೆಯೇ ಆಯಿತು. ಹಾಡಿನ ನಡುವೆ ಇದ್ದಕ್ಕಿದ್ದಂತೆ ಏರಿ ಎಲ್ಲರ ದನಿಯನ್ನೂ ಮುಚ್ಚಿಬಿಡುತ್ತಿತ್ತು. ಕಣ್ಣು ಬಿಗಿಯಾಗಿ ಮುಚ್ಚಿ, ಮುಷ್ಟಿ ಕಟ್ಟಿ ಹಾಡುತ್ತಿದ್ದಳು. "ಎಂತ ಸ್ವರ ಮಾರಾಯ್ರೆ!" ಎನ್ನುತ್ತಿದ್ದರು ಹಿರಿಯರು. "ಹೊಟ್ಟೆ ಮಾತ್ರ ಅಲ್ಲ, ಗಂಟಲೂ ಹೊಸದು ಕೊಟ್ಟಿದ್ದಾನೆ ನೋಡಿ." ಎಲ್ಲರೂ ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು, ಸೆರಗಿನಿಂದ ಹಣೆ ಒರೆಸಿಕೊಳ್ಳುತ್ತಾ.

ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಬಿದ್ದಳು. ಆಸ್ಪತ್ರೆಯಲ್ಲಿ ರಿಪೋರ್ಟು ನೋಡಿದ ಡಾಕ್ಟರು ಅವಳನ್ನು ಬಿಟ್ಟು ನನ್ನ ಮುಖ ನೋಡಿದರು. "ಇತನೇ ದಿನ ಕಹಾಂ ಥೇ ಆಪ್ ಲೋಗ್?" ಇಷ್ಟು ದಿನ ಎಲ್ಲಿದ್ದಿರಿ ಎಂಬ ಪ್ರಶ್ನೆಗೆ ಏನು ಹೇಳುವುದು? ಪ್ರಾರ್ಥನೆಯಲ್ಲಿದ್ದೆವು ಎನ್ನುವುದೇ? ಗಡ್ಡೆ ಎಲ್ಲೆಲ್ಲಿಗೋ ಹರಡಿತ್ತು. ಇಷ್ಟು ಹರಡಬೇಕಾದರೆ ತಿಂಗಳುಗಟ್ಟಲೆ ನೋವು ಇದ್ದಿರಲೇಬೇಕು ಎಂದರು.

ಆ ದಿನ ಅಕ್ಕ ನನ್ನ ಕೈ ಹಿಡಿದು ಕೇಳಿಕೊಂಡದ್ದು ಬದುಕಿಸು ಎಂದಲ್ಲ. "ಸಭೆದವ್ರಿಗೆ ಇದು ಮತ್ತ ಬಂದದ ಅಂತ ಹೇಳಬ್ಯಾಡ. ಜ್ವರ ಅನ್ನು. ನನ್ನ ಮಾತ ಕೇಳಿ ಎಷ್ಟ ಮಂದಿ ಧೈರ್ಯ ತಗೊಂಡಾರ, ಅವರ ನಂಬಿಕಿ ಕೆಡ್ತದ." ದೇವರ ಮರ್ಯಾದೆಯನ್ನು ತನ್ನ ಹೊಟ್ಟೆಯೊಳಗೆ ಕಟ್ಟಿಕೊಂಡು ಹೋದಳು ನನ್ನಕ್ಕ. ಆಕಾಶ ಭೂಮಿ ಮಾಡಿದವನಿಗೆ ತನ್ನ ಮರ್ಯಾದೆ ಕಾಯಲು ಒಬ್ಬ ರಿಟೈರ್ಡ್ ಟೀಚರ್ ಬೇಕಾಯಿತೇ?

ಗಡ್ಡೆ ಮರಳಿ ಬಂದದ್ದು ಮಣ್ಣಿನ ದಿನದ ಹೊತ್ತಿಗೆ ಹೇಗೋ ಎಲ್ಲರಿಗೂ ಗೊತ್ತಾಗಿತ್ತು. ಎಲ್ಲರೂ ಅತ್ತರು. ದೇವರ ಚಿತ್ತ ಎಂದರು. ಗೇಟಿನ ಹತ್ತಿರ ಇಬ್ಬರು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು, ಎಲ್ಲೋ ನಂಬಿಕೆಯಲ್ಲಿ ಕೊರತೆ ಆಗಿರಬೇಕು ಎಂದು. ಆಸ್ಪತ್ರೆಯ ಸಾಲಿನಲ್ಲಿ ಅಕ್ಕನಿಗಾಗಿ ನಿಂತವರಲ್ಲಿ ಅವರೂ ಇದ್ದರು.

ಕೆಲವು ವಾರಗಳ ನಂತರ ಅಕ್ಕನ ಸೀರೆಗಳನ್ನು ಮಡಚಿಡುತ್ತಿದ್ದಾಗ ಸೊಸೆ, ಅಂದರೆ ಅಕ್ಕನ ಮಗಳು, ತಲೆ ಎತ್ತದೆ ಹೇಳಿದಳು. ಅವಳ ಕನ್ನಡ ಅಷ್ಟಕ್ಕಷ್ಟೇ. "ಮಾಮಾ, ಮಮ್ಮಿ ಜೋರಿಂದ ಹಾಡ್ತಿದ್ಲು ನಾ... ಆವಾಗೇ ಪೇನ್ ಬರ್ತಿತ್ತು. ಚಿಲ್ಲಾನಾ ಥಾ ಉಸ್ಕೋ. ಚೀರಕ್ಕೆ ಆಗಲ್ವಲ್ಲ ಸಬ್ ಕೇ ಸಾಮ್ನೇ, ಅದಕ್ಕೇ ಹಾಡ್ತಿದ್ಲು."

"ನಿನಗ ಹೆಂಗ ಗೊತ್ತು?"

"ಮನೇಲಿ ಹಂಗೇ ಮಾಡ್ತಿದ್ಲು. ಕಿಚನ್ ಕಟ್ಟೆಗೆ ಹೊಟ್ಟೆ ಒತ್ತಿಟ್ಟು ಹಾಡೋದು. ಮಾಮಾಗೆ ಹೇಳ್ಬೇಡ ಅಂತ ಕಸಮ್ ಹಾಕಿದ್ಲು." ಸೀರೆಯ ಮಡಿಕೆಯನ್ನು ಅಂಗೈಯಿಂದ ತೀಡಿದಳು. "ದೇವರಿಗೆ ಏನು ಕೇಳಿಸ್ತು ಮಾಮಾ? ಗಾನಾ ಯಾ ದರ್ದ್?"

ಹಾಡೋ, ನೋವೋ ಎಂದು ಅವಳು ಕೇಳಿದ್ದನ್ನು ನಾನು ಈಗಲೂ ಕೇಳಿಕೊಳ್ಳುತ್ತೇನೆ. ಶಿಲುಬೆಯ ಮೇಲೆ ಅವನೇ ದೊಡ್ಡ ದನಿಯಲ್ಲಿ ಕೂಗಿಕೊಂಡ, ತಂದೆ ಕೈಬಿಟ್ಟನೆಂದು. ಕೂಗಬೇಡ, ಹಾಡು ಎಂದು ಯಾರೂ ಅವನಿಗೆ ಹೇಳಲಿಲ್ಲ. ಅಂಥವನ ಹೆಸರಿನಲ್ಲಿ ಕೂಡಿದ ನಾವು, ನೋವು ಎಂಬ ಮಾತು ಬಾಯಿಂದ ಬಂದರೆ ಸೈತಾನನಿಗೆ ಜಾಗ ಕೊಟ್ಟಂತೆ ಎಂದು ಯಾವಾಗ ಕಲಿತೆವೋ, ಯಾರು ಕಲಿಸಿದರೋ. ಅಜ್ಜಿಗೆ ಇದು ಗೊತ್ತೇ ಇರಲಿಲ್ಲ. ಅವಳ ದೇವರು ಬೈಸಿಕೊಳ್ಳುವಷ್ಟು ದೊಡ್ಡವನಿದ್ದ. ನಮ್ಮವನಿಗೆ ಹೊಗಳಿಕೆ ಬಿಟ್ಟರೆ ಬೇರೇನೂ ಜೀರ್ಣವಾಗುವುದಿಲ್ಲ.

ವರ್ಷ ತುಂಬಿದಾಗ ಅಕ್ಕನ ನೆನಪಿಗೆ ಪ್ರಾರ್ಥನೆ ಇಟ್ಟರು, ಅದೇ ಮನೆಯಲ್ಲಿ. ಅದೇ ಚಾಪೆ, ಅದೇ ಕುರ್ಚಿ. ಹಾಡಾಯಿತು, ವಾಕ್ಯವಾಯಿತು. ಹಿರಿಯರು ನನ್ನ ಕಡೆ ತಿರುಗಿದರು. "ಬ್ರದರ್, ಅಕ್ಕನ ಜೀವಿತಕ್ಕಾಗಿ ನಾಲ್ಕು ಮಾತು. ಸ್ತೋತ್ರದ ಮಾತು."

ಎದ್ದು ನಿಂತೆ. ಬೆಳಗಿನಿಂದ ಬೇರೆ ಏನೇನೋ ಸಿದ್ಧ ಮಾಡಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟು: "ನಮ್ಮಕ್ಕಗ ನೋವಿತ್ತು. ಇಲ್ಲೇ, ನಿಮ್ಮ ನಡುವ ಕುಂತು ಹಾಡುವಾಗ ನೋವಿತ್ತು. ನಿಮ್ಮ ಮುಂದ ಹೇಳಾಕ ಅಂಜಿದ್ಲು. ಇದ ನನ್ನ ಸಾಕ್ಷಿ."

ಮೂಲೆಯಲ್ಲಿ ತೂಕಡಿಸುತ್ತಿದ್ದ ಮುದುಕಿಯೊಬ್ಬರು, ಮಾತು ಮುಗಿದದ್ದು ತಿಳಿದು, ರೂಢಿಯಂತೆ "ದೇವರಿಗೆ ಸ್ತೋತ್ರ" ಎಂದರು. ಸೊಸೆ ಒಬ್ಬಳೇ ಕಿಸಕ್ಕನೆ ನಕ್ಕಳು, ಆಮೇಲೆ ಅಡುಗೆಮನೆಗೆ ಓಡಿಹೋಗಿ ಅತ್ತಳು.

ಚಹಾ ಅವಲಕ್ಕಿ ಬೇಗ ಮುಗಿಯಿತು. ಎಲ್ಲರೂ ಚಪ್ಪಲಿ ಮೆಟ್ಟಿಕೊಂಡರು. ಹಿರಿಯರು ಕೊನೆಗೆ ಉಳಿದರು. ನಾನು ಅವರ ಜೊತೆ ಮೆಟ್ಟಿಲವರೆಗೆ ಬಂದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಕಟಕಟೆ ಹಿಡಿದು ನಿಂತು, ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿ, ದನಿ ತಗ್ಗಿಸಿದರು.

"ನನ್ನ ಸೊಂಟ ಇನ್ನೂ ನೋಯ್ತದೆ ಮಾರಾಯಾ. ಆವತ್ತಿನಿಂದ ಬಿಟ್ಟೇ ಇಲ್ಲ. ನೆಲದಲ್ಲಿ ಕೂತರೆ ಏಳ್ಲಿಕ್ಕೆ ಆಗುದಿಲ್ಲ ನನಗೆ." ಮತ್ತೊಮ್ಮೆ ಹಿಂದೆ ನೋಡಿ, "ಯಾರಿಗೂ ಹೇಳ್ಬೇಡ ಆಯ್ತಾ?" ಎಂದರು.

"ಇದನ್ನ ನಮ್ಮಕ್ಕನ ಮುಂದ ಹೇಳಬೇಕಾಗಿತ್ತು ಅಂಕಲ್" ಎಂದೆ.

ಅವರು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಇಳಿಯತೊಡಗಿದರು. ಇಷ್ಟು ವರ್ಷ ಅವರು ಎಲ್ಲರೂ ಹೋದ ಮೇಲೆ ಇಳಿಯುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ಕನಿಕರ ಬರಬೇಕಾಗಿತ್ತು, ಬರಲಿಲ್ಲ. ಆ ಕುರ್ಚಿಯ ಮೇಲೆ ಕೂತೇ ಅವರು "ಪೂರ್ತಿ?" ಎಂದು ಕೇಳಿದ್ದರು. ನಾನು ಕೈ ಕೊಡಲಿಲ್ಲ.

ಚೆಂಬೂರಿಗೆ ಹೋಗುವ ಲೋಕಲ್ಲಿನಲ್ಲಿ ಬಾಗಿಲ ಬಳಿ ನಿಂತು, ಬಹಳ ದಿನಗಳ ಮೇಲೆ, ಪ್ರಾರ್ಥನೆಗೆ ಬಾಯಿ ತೆರೆದೆ. "ಏನಪಾ ತಂದಿ" ಎಂದು ಅಜ್ಜಿಯ ಮಾತಿನಲ್ಲೇ ಶುರು ಮಾಡಿದೆ. ಹೇಳುವುದು ಬಹಳವಿತ್ತು, ಸ್ಟೇಷನ್ ಬಂದರೂ ಮುಗಿಯಲಿಲ್ಲ. ಅಂದಿನಿಂದ ದಿನಾ ಹೇಳುತ್ತಲೇ ಇದ್ದೇನೆ. "ಆತು, ನೀನ ನೋಡಕೋ" ಎಂಬ ಮಾತಿಗೆ ಮಾತ್ರ ಇನ್ನೂ ಬಂದು ಮುಟ್ಟಿಲ್ಲ.