ಬಯಲಾಟದಿಂದ ಬಂದ ಉದಾಹರಣೆ

ಕೋವಿಡ್ ಮುಗಿದು ಶಾಲೆಗಳು ಪೂರ್ತಿ ತೆರೆದ ವರ್ಷ ನಾನು ಅತ್ತಿಗುಪ್ಪೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿಯಾಗಿದ್ದೆ. ಒಂಬತ್ತನೇ ತರಗತಿಗೆ ಹಳೆಯ ಕಾಲದ ಒಂದು ಇಂಗ್ಲಿಷ್ ಕಾದಂಬರಿ ಇತ್ತು. ಹಡಗಿನ ಯಜಮಾನನೊಬ್ಬ ಬಾಲ್ಯದಲ್ಲೇ ಕಳೆದುಹೋದ ಮಗನನ್ನು ದೇಶವೆಲ್ಲ ಹುಡುಕಿಸುತ್ತಿರುತ್ತಾನೆ. ಆ ಮಗ ಬೇರೆ ಹೆಸರಿನಲ್ಲಿ ಅವನ ಕಚೇರಿಯಲ್ಲೇ ಗುಮಾಸ್ತನಾಗಿರುತ್ತಾನೆ. ಕಥೆ ಚೆನ್ನಾಗಿಯೇ ಇತ್ತು. ಆದರೆ ನಮ್ಮ ಮಕ್ಕಳು ಓದುತ್ತಿದ್ದದ್ದು ಮಾರೇನಹಳ್ಳಿಯ ಅಂಗಡಿಯಲ್ಲಿ ಸಿಗುವ ಗೈಡನ್ನು. ಯಾವ ಸಾಹಿತ್ಯಿಕ ಪದ ಕೇಳಿದರೂ ಇಡೀ ತರಗತಿ ಮಗ್ಗಿ ಒಪ್ಪಿಸುವಂತೆ ಒಂದೇ ಉಸಿರಿಗೆ ಅದರ ವ್ಯಾಖ್ಯೆ ಹೇಳುತ್ತಿತ್ತು. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಶಿವಲೀಲಾ ಅದನ್ನೂ ಹೇಳುತ್ತಿರಲಿಲ್ಲ. ಗದಗದ ಹತ್ತಿರದ ಹಳ್ಳಿಯಲ್ಲಿ ಎಂಟನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆ ವರ್ಷವೇ ನಮ್ಮಲ್ಲಿ ಸೇರಿದ್ದಳು. ಅಪ್ಪ ಪಾರ್ಸೆಲ್ ಡೆಲಿವರಿ ಮಾಡುತ್ತಿದ್ದರು. ಇಂಗ್ಲಿಷ್ ಪೀರಿಯಡ್‌ನಲ್ಲಿ ಕನ್ನಡ ಆಡಕೂಡದೆಂಬ ನಿಯಮವಿದ್ದದ್ದರಿಂದ ಅವಳು ಬಾಯಿ ಬಿಡುತ್ತಲೇ ಇರಲಿಲ್ಲ.

ನಮ್ಮ ಹೆಡ್‌ಮಾಸ್ಟರಿಗೆ ಹತ್ತನೇ ತರಗತಿಯ ನೂರಕ್ಕೆ ನೂರು ಫಲಿತಾಂಶವೇ ಪ್ರಾಣ. ಹಿಂದುಳಿದವರಿಗೆ ಒಂಬತ್ತರಲ್ಲೇ ಟಿಸಿ ಕೊಟ್ಟು ಕಳಿಸುವುದು ಅವರ ಪದ್ಧತಿ. ವಾರ್ಷಿಕ ಪರೀಕ್ಷೆಗೆ ಮುಂಚೆ ನನ್ನನ್ನು ಕರೆದು, "ಆ ಶಿವಲೀಲಾನ ಮುಂದಕ್ಕೆ ತಗೊಳ್ಳೋದು ಬೇಡ ಮೇಡಂ. ಇಂಗ್ಲಿಷ್‌ನಲ್ಲಿ ಹೋಗ್ಬಿಡ್ತಾಳೆ" ಎಂದರು.

ಟಿಸಿ ಕೊಟ್ಟರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಅವಳ ಅಪ್ಪ ಮೊದಲೇ ಹೇಳಿದ್ದರು: "ಇನ್ನೊಂದ್ ಸಾಲಿ ಹುಡುಕಾಕ ನನಗ ಆಗಂಗಿಲ್ರಿ ಮೇಡಂ. ಓದು ಬಿಡಿಸಿ ಊರಿಗೆ ಕಳಿಸಿಬಿಡ್ತೀನ್ರಿ."

ನನಗೆ ಸಿಟ್ಟು ಬಂತು. "ನಾಳೆ ಕಾದಂಬರಿ ರಿವಿಷನ್ ಇದೆ. ಬಂದು ಕೂತು ನೋಡಿ ಸಾರ್, ಆಮೇಲೆ ಡಿಸೈಡ್ ಮಾಡಿ" ಎಂದುಬಿಟ್ಟೆ. ಸ್ಟಾಫ್ ರೂಮಿಗೆ ಬರುವಷ್ಟರಲ್ಲಿ ಭಯ ಶುರುವಾಗಿತ್ತು.

ಮರುದಿನ ಅವರು ಹಿಂದಿನ ಬೆಂಚಿನಲ್ಲಿ ಕೂತರು. ನಾನು ಡ್ರಾಮ್ಯಾಟಿಕ್ ಐರನಿ ಎಂದರೇನೆಂದು ಕೇಳಿದೆ. ಪಾತ್ರಕ್ಕೆ ಗೊತ್ತಿಲ್ಲದ ಸಂಗತಿ ಓದುವವರಿಗೆ ಗೊತ್ತಿರುವುದು, ಅಷ್ಟೇ ಅದರ ಅರ್ಥ. ಗೈಡಿನ ವ್ಯಾಖ್ಯೆ ಗಡಗಡ ಬಂತು. ಕಾದಂಬರಿಯಿಂದ ಉದಾಹರಣೆ ಕೊಡಿ ಎಂದಾಗ ಎಲ್ಲರೂ ಗೈಡಿನ ಹಾಳೆ ತಿರುವಿದರು. ಗೈಡಿನಲ್ಲಿ ಅದು ಇರಲಿಲ್ಲ.

ನಾನು ನಿಯಮವನ್ನು ಬದಿಗಿಟ್ಟೆ. "ಇಂಥದ್ದನ್ನ ಬೇರೆ ಎಲ್ಲಾದ್ರೂ ನೋಡಿದೀರಾ? ಕನ್ನಡದಲ್ಲೇ ಹೇಳಿ."

ಹೆಡ್‌ಮಾಸ್ಟರರ ಹುಬ್ಬು ಮೇಲೇರಿತು. ಶಿವಲೀಲಾ ಎದ್ದು ನಿಂತಳು.

"ನಮ್ಮೂರ ಬಯಲಾಟದಾಗ ನೋಡೇನ್ರಿ ಮೇಡಂ. ಮಗ ವೇಷ ಮರೆಸ್ಕೊಂಡು ರಾಜಾನ ಹತ್ರ ಬಂದಿರ್ತಾನ. ಕತಿ ನಡೆಸೋ ಸಾರಥಿ ನಮಗ ಮೊದಲ ಹೇಳಿರ್ತಾನ್ರಿ. ರಾಜಾಗಷ್ಟ ಗೊತ್ತಿರಂಗಿಲ್ಲ. ಮಗನ ಮುಂದ ಕುಂತು, ನನ್ನ ಮಗ ಎಲ್ಲಿದ್ದಾನೋ ಅಂತ ಅಳ್ತಾನ. ನಮ್ಮವ್ವ ಕೆಳಗಿಂದ, ಅಲ್ಲೇ ಅದಾನ ನೋಡೋ ಅಂತ ಕೂಗ್ತಿದ್ಳು."

ತರಗತಿ ನಕ್ಕಿತು. ಅವಳು ನಗಲಿಲ್ಲ. "ಪುಸ್ತಕದಾಗೂ ಹಂಗ ಐತ್ರಿ. ಮಗ ಕಳದಾನ ಅಂತ ಪೇಪರಿಗೆ ಕೊಡೋ ಜಾಹೀರಾತು, ಯಜಮಾನ ಆ ಮಗನ ಕೈಲೇ ಬರೆಸ್ತಾನಲ್ರಿ."

ಗೈಡ್ ಇಲ್ಲದ ಹುಡುಗಿ ಡಿಕ್ಷನರಿ ಹಿಡಿದು ಕಾದಂಬರಿಯನ್ನೇ ಓದಿದ್ದಳು. ನನ್ನ ಕಣ್ಣು ತುಂಬಿ ಬಂತು.

"ಇಂಗ್ಲಿಷ್‌ನಲ್ಲಿ ಹೇಳಮ್ಮ" ಎಂದರು ಹೆಡ್‌ಮಾಸ್ಟರ್.

ಅವಳು ತಡವರಿಸಿದಳು. "ಹಿ ನಾಟ್ ನೋ ಸರ್. ವಿ ನೋ. ಸೋ ವಿ ಕ್ರೈ."

"ಗ್ರಾಮರ್ ಸರಿ ಇಲ್ಲ ಮೇಡಂ."

"ಗ್ರಾಮರ್ ನಾನು ಕಲಿಸ್ತೀನಿ ಸಾರ್. ಕಥೆ ಅವಳಿಗೆ ಅರ್ಥವಾಗಿದೆ" ಎಂದೆ.

ಅವರು ಎದ್ದು ಹೋದರು. ಟಿಸಿ ಬರೆಯಲಿಲ್ಲ.

ಆಮೇಲೆ ವ್ಯಾಕರಣಕ್ಕಾಗಿ ಇಬ್ಬರೂ ಸಾಕಷ್ಟು ಒದ್ದಾಡಿದೆವು. ಹತ್ತನೇ ತರಗತಿಯನ್ನು ಅವಳು ಪಾಸು ಮಾಡಿದಳು. ಅಂದಿನಿಂದ ಹೊಸ ಪದ ಕಲಿಸುವ ಮೊದಲು, ಅದನ್ನು ಎಲ್ಲಿ ನೋಡಿದ್ದೀರಿ ಎಂದು ಮಕ್ಕಳನ್ನೇ ಕೇಳುತ್ತೇನೆ. ಖಾಲಿ ತಲೆಯಲ್ಲಿ ಯಾರೂ ತರಗತಿಗೆ ಬರುವುದಿಲ್ಲ ಎಂಬುದನ್ನು ಈ ಕೆಲಸ ನನಗೆ ಕಲಿಸಿದೆ.

ಹೇಳಲು ಒಂದು ಉಳಿಯಿತು. ಅವಳು ಹತ್ತನೇ ತರಗತಿಗೆ ಬಂದ ಮೊದಲ ದಿನ ಹೆಡ್‌ಮಾಸ್ಟರ್ ಗೇಟಿನಲ್ಲಿ ಅವಳನ್ನು ನಿಲ್ಲಿಸಿದರು. ಮತ್ತೆ ಏನು ಬಂತಪ್ಪಾ ಎಂದು ನಾನೂ ನಿಂತೆ.

"ಏನಮ್ಮ, ಕೊನೆಗೆ ಆ ಹಡಗಿನ ಯಜಮಾನಂಗೆ ಮಗನ ಗುರುತು ಸಿಕ್ತಾ?"

"ಪುಸ್ತಕ ಲೈಬ್ರರಿಯಾಗ ಐತ್ರಿ ಸರ್" ಎಂದಳು ಶಿವಲೀಲಾ.