ಕುಂಕುಮ ಹಚ್ಚಿಸಿಕೊಂಡ ರ‍್ಯಾಮ್

ರೋಣದಲ್ಲಿ ನನ್ನ ಗಂಡನ ಮನೆಯವರದೊಂದು ಫೋಟೊ ಸ್ಟುಡಿಯೊ ಇತ್ತು. ಮದುವೆಗಳಿಗೆ ಕ್ಯಾಮೆರಾ ಹಿಡಿದು ಹೋಗುವವರು ಗಂಡ, ಹಣದ ಗಲ್ಲೆಯ ಮೇಲೆ ಕೂಡುವವರು ಅವರಣ್ಣ, ಅಂದರೆ ನಮ್ಮ ಭಾವ. ಚಿತ್ರೀಕರಿಸಿದ್ದನ್ನು ಕತ್ತರಿಸಿ, ಹಾಡು ಕೂಡಿಸುವ ಮಿಕ್ಸಿಂಗ್ ಕೆಲಸ ಮಾತ್ರ ಗದಗಿಗೆ ಹೋಗುತ್ತಿತ್ತು. ಮದುವೆಗೆ ಮೊದಲೇ ನರಗುಂದದಲ್ಲಿ ಕಂಪ್ಯೂಟರ್ ಕಲಿತಿದ್ದ ನಾನು ಅದನ್ನು ಮನೆಯಲ್ಲೇ ಮಾಡುತ್ತೇನೆಂದು ವರ್ಷಗಟ್ಟಲೆ ಗೋಗರೆದೆ. ಕೊನೆಗೆ ಭಾವ ಗಜೇಂದ್ರಗಡದ ಒಂದು ಮದುವೆಯ ವಿಡಿಯೊ ಕೊಟ್ಟರು. ಕೆಟ್ಟರೆ ಮತ್ತೆ ಸ್ಟುಡಿಯೊ ಮೆಟ್ಟಿಲು ಹತ್ತಬಾರದೆಂದೂ ಹೇಳಿದರು.

ತವರಿನಿಂದ ತಂದಿದ್ದ ನನ್ನ ಹಳೆಯ ಲ್ಯಾಪ್‌ಟಾಪಿಗೆ ವಿಡಿಯೊ ತೆರೆಯುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. ಹುಬ್ಬಳ್ಳಿಗೆ ಹೋಗಿ ಹೆಚ್ಚು ಜಾಗದ ರ‍್ಯಾಮ್, ಅಂದರೆ ಲ್ಯಾಪ್‌ಟಾಪಿನೊಳಗೆ ಕೂಡಿಸುವ ಮೆಮೊರಿ ಪಟ್ಟಿ, ಕೇಳಿದೆ. ಅದಕ್ಕೆ ಹೊಂದುವ ಹಳೆಯ ವೇಗದ್ದು ಮುಗಿದಿತ್ತು, ಅಂಗಡಿಯವನು ಹೆಚ್ಚು ವೇಗದ್ದನ್ನೇ ಕೊಟ್ಟ.

"ಇದೂ ನಡೀತದ್ರಿ. ಆದ್ರ ನಿಮ್ಮ ಹಳೇ ಮಿಷನ್ ಎಷ್ಟು ಓಡಸ್ತದ, ಅಷ್ಟ ಓಡ್ತದ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನ ಆ ಮಾತನ್ನೇ ನೆನೆದೆ. ಗಂಡನ ಮನೆಯಲ್ಲಿ ನನ್ನ ಪಾಡೂ ಬೇರೆಯೇನಿರಲಿಲ್ಲ.

ನಮ್ಮಲ್ಲಿ ಹೊಸ ಸಾಮಾನು ಯಾವುದೇ ಬರಲಿ, ಪೂಜೆಯಾಗದೆ ಬಳಸುವಂತಿಲ್ಲ. ಬಾಚಣಿಗೆಯ ತುಂಡಿನಂತಿದ್ದ ಆ ಹಸಿರು ಪಟ್ಟಿಯನ್ನು ಅತ್ತೆ ದೇವರ ಮುಂದಿಟ್ಟು ವಿಭೂತಿ ಬಳಿದರು, ಕುಂಕುಮ ಹಚ್ಚಿದರು. ಹಚ್ಚಿದ್ದು ಸರಿಯಾಗಿ, ವಿದ್ಯುತ್ ಹರಿಯುವ ಅದರ ಬಂಗಾರ ಬಣ್ಣದ ಹಲ್ಲುಗಳಿಗೇ. ದೇವರ ಕುಂಕುಮ ಒರೆಸಿದರೆ ಅಪಶಕುನ. ಮೆಲ್ಲಗೆ ಊದಿ, ಹಾಗೆಯೇ ಲ್ಯಾಪ್‌ಟಾಪಿಗೆ ಕೂಡಿಸಿದೆ. ಪರದೆ ಕಪ್ಪಗೇ ಉಳಿಯಿತು.

ಭಾವ ನನ್ನತ್ತ ನೋಡಲೂ ಇಲ್ಲ, ತಮ್ಮನಿಗೆ ಹೇಳಿದರು: "ರೊಟ್ಟಿ ಬಡದಂಗಲ್ಲಪಾ ಇದು. ನಾಳೆ ಎಲ್ಲಾ ಗದಗಿಗೆ ಕಳಸು."

ಗಂಡ ಆಗಲಿ ಎಂದರು. ತಪ್ಪು ಕುಂಕುಮದ್ದು ಎಂದರೆ ಅತ್ತೆಗೆ ಅವಮಾನ, ಸುಮ್ಮನಿದ್ದರೆ ಕೆಡಿಸಿದವಳು ನಾನು. ಊಟವಾಗಿ ಎಲ್ಲರೂ ಅಡ್ಡಾದಾಗ ಅಡುಗೆಮನೆಯಲ್ಲಿ ಕುಳಿತು, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಆ ಹಲ್ಲುಗಳನ್ನು ತಿಕ್ಕಿ, ಮತ್ತೆ ಕೂಡಿಸಿದೆ. ಲ್ಯಾಪ್‌ಟಾಪ್ ಎದ್ದಿತು. ವೇಗ ಹೆಚ್ಚಲಿಲ್ಲವೆಂದರೂ ಜಾಗ ಹೆಚ್ಚಿತ್ತಲ್ಲ, ವಿಡಿಯೊ ತಡೆಯಿಲ್ಲದೆ ಓಡಿತು. ಬೆಳಗ್ಗೆ ಅದನ್ನು ಕಂಡು ಅತ್ತೆ ಕೈಮುಗಿದು, ಪೂಜೆ ಮಾಡಿದ್ದಕ್ಕೇ ದೇವರು ಕಣ್ಣು ತೆರೆದ ಎಂದರು. ನಾನು ಹ್ಞೂಂ ಎಂದೆ.

ಮಿಕ್ಸಿಂಗ್ ಮುಗಿಯಿತು. ಗಜೇಂದ್ರಗಡದ ಮದುವೆ ಮನೆಯವರು ಬಂದು ನೋಡಿ ಬಾಯ್ತುಂಬ ಹೊಗಳಿದರು, ಯಾರು ಮಾಡಿದ್ದೆಂದು ಕೇಳಿದರು. ಭಾವ ನಕ್ಕು, ಎಲ್ಲ ನಮ್ಮಲ್ಲೇ ಮಾಡೋದ್ರಿ ಎಂದರು. ಗದಗಿಗೆ ಕಳಿಸುವುದು ಅಂದಿಗೇ ನಿಂತಿತು. ಹಗಲೆಲ್ಲ ನಾನು ಸ್ಟುಡಿಯೊದ ಒಳಕೋಣೆಯಲ್ಲಿ ಕುಳಿತು ಕೆಲಸ ಮಾಡಬೇಕು, ಗಿರಾಕಿಗಳು ಬಂದಾಗ ಹೊರಗೆ ಬರಬಾರದು ಎಂದಾಯಿತು. ಅಂದು ಮದುವೆ ಮನೆಯವರು ಚಹಾ ಕುಡಿಯುತ್ತಿರುವಾಗಲೇ ಭಾವ ಒಳಗೆ ಬಂದು, ವಿಡಿಯೊದ ಕೊನೆಯಲ್ಲಿ ಮಿಕ್ಸಿಂಗ್ ಎಂದು ಬರೆದು ಅದರ ಕೆಳಗೆ ತಮ್ಮದೇ ಹೆಸರು ಹಾಕಲು ಹೇಳಿದರು. ನನ್ನ ಕೈಯಿಂದಲೇ ಹಾಕಿದೆ. ಅವರು ಬಗ್ಗಿ ನೋಡಿದರು.

"ಅಕ್ಷರ ಒಂಚೂರು ದೊಡ್ಡದ ಮಾಡವಾ."

ದೊಡ್ಡದು ಮಾಡಿದೆ.