ಮೇಲಿನ ಪದರಕ್ಕೆ ಹತ್ತಿದ ಕಂದು ಬಣ್ಣ

ಕೊರೋನಾ ತಗ್ಗಿದ ಮರುವರ್ಷ ನಾನು ಹೊಸೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ಸೀನಿಯರ್ ಟೆಕ್ನಿಷಿಯನ್ ಆಗಿದ್ದೆ. ರೋಗಿಯ ದೇಹದಿಂದ ತೆಗೆದ ಚೂರನ್ನು ಮೇಣದ ಬ್ಲಾಕಿನಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಸ್ಲೈಡಿನ ಮೇಲೆ ಬಣ್ಣ ಹಾಕಿ ಪೆಥಾಲಜಿ ಡಾಕ್ಟರ ಮುಂದಿಡುವುದು ನನ್ನ ಕೆಲಸ. ಆ ವರ್ಷ ಬಂದ ಚೂರುಗಳಲ್ಲಿ ಒಂದು ನನ್ನ ಅಕ್ಕ ಸರೋಜಳ ಕೆನ್ನೆಯದು.

ಅಕ್ಕ ಗುಮ್ಮಳಾಪುರದಲ್ಲಿದ್ದಳು. ಗುಲಾಬಿ ಕೊಯ್ಯುವ ಕೂಲಿ. ಕೆಲಸಕ್ಕೆ ಇಳಿಯುವ ಮುಂಚೆ ಹೊಗೆಸೊಪ್ಪು ಹಾಕಿದ ಎಲೆಯಡಿಕೆಯನ್ನು ಎಡಗೆನ್ನೆಯಲ್ಲಿ ಒತ್ತರಿಸಿಕೊಳ್ಳುತ್ತಿದ್ದಳು. ಅಲ್ಲೇ ಒರೆಸಿದರೂ ಹೋಗದ ಬಿಳಿ ಮಚ್ಚೆ ಎದ್ದಿತ್ತು. ಹಲ್ಲಿನ ಡಾಕ್ಟರ ಬಳಿ ಕರೆದೊಯ್ದೆ. ಅವರು ಅಕ್ಕಿಕಾಳಿನಷ್ಟು ಕತ್ತರಿಸಿ ನಮ್ಮ ಲ್ಯಾಬಿಗೇ ಕಳಿಸಿದರು.

"ನನ್ ಬಾಯಿಗೂ ಬಣ್ಣ ಹೊಡೀತೀಯೇನೇ? ಮಾತು ಕಮ್ಮಿ ಆಗೋ ಬಣ್ಣ ಇದ್ರೆ ಅದ್ನೇ ಹಾಕು ಅಂತವ್ರೆ ನಿಮ್ ಭಾವ" ಎಂದು ಅಕ್ಕ ನಕ್ಕಳು.

ಮಾಮೂಲಿ ಬಣ್ಣದಲ್ಲಿ ಜೀವಕೋಶಗಳ ಆಕಾರ ಕೆಟ್ಟಿರುವುದು ಕಂಡಿತು. ಡಾಕ್ಟರು ಪಿ53, ಕೆಐ-67 ಎಂಬ ಎರಡು ಪ್ರೋಟೀನ್‌ಗಳನ್ನೂ ನೋಡಲು ಹೇಳಿದರು. ಈ ಪರೀಕ್ಷೆಯಲ್ಲಿ ಪ್ರೋಟೀನ್ ಇರುವ ಜಾಗ ಕಂದು ಬಣ್ಣಕ್ಕೆ ತಿರುಗುತ್ತದೆ. ಕೋಶಗಳು ಇಮ್ಮಡಿಯಾಗುವ ಕಡೆ ಕೆಐ-67 ಇರುತ್ತದೆ. ಆರೋಗ್ಯವಂತರ ಕೆನ್ನೆಯಲ್ಲಿ ಅದು ತಳದ ಪದರಗಳಲ್ಲಷ್ಟೇ. ಕೋಶವನ್ನು ಕಾಯುವ ಜೀನ್ ಕೆಟ್ಟಾಗ ಪಿ53 ಗುಡ್ಡೆ ಬೀಳುವುದುಂಟು. ಅಕ್ಕನ ಸ್ಲೈಡುಗಳಲ್ಲಿ ಕಂದು ಬಣ್ಣ ಮೇಲಿನ ಪದರದವರೆಗೂ ಹತ್ತಿತ್ತು.

"ಕ್ಯಾನ್ಸರ್ ಇನ್ನೂ ಆಗಿಲ್ಲ. ಆಗೇ ಆಗುತ್ತೆ ಅಂತ ಈ ಬಣ್ಣ ಹೇಳಲ್ಲ. ಆದ್ರೆ ಕಾಯೋ ಹಾಗಿಲ್ಲಮ್ಮ. ಮಚ್ಚೆ ತೆಗೆಸಿ, ಹೊಗೆಸೊಪ್ಪು ಬಿಡಿಸಿ" ಎಂದರು ಡಾಕ್ಟರು.

ಅದನ್ನು ಹಾಗೇ ಅಕ್ಕನ ಮನೆಯಲ್ಲಿ ಹೇಳಿದೆ. ಭಾವನಿಗೆ ಮೊದಲ ಮಾತಷ್ಟೇ ಕೇಳಿಸಿತು. "ಕ್ಯಾನ್ಸರ್ ಇಲ್ವಂತೆ" ಎಂದು ಬೀದಿಗೆಲ್ಲ ಹೇಳಿಬಂದರು. ಅಕ್ಕ ಮಾತ್ರ ಪೂರ್ತಿ ಕೇಳಿಸಿಕೊಂಡಳು. ಹೊಗೆಸೊಪ್ಪು ಬಿಟ್ಟೇಬಿಟ್ಟಳು. ಸೆರಗಿನ ತುದಿಯಲ್ಲಿ ಹುರಿಗಡಲೆ ಕಟ್ಟಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಆಪರೇಷನ್ ಮಾತ್ರ ಮಗಳು ಪವಿತ್ರಳ ನಿಶ್ಚಿತಾರ್ಥ ಮುಗಿಯಲಿ ಎಂದಳು. ಹೊಲಿಗೆ ಹಾಕಿದ ಬಾಯಲ್ಲಿ ಬೀಗರನ್ನು ಹೇಗೆ ಮಾತಾಡಿಸುವುದು?

ನಿಶ್ಚಿತಾರ್ಥದ ದಿನ ತಾಂಬೂಲ ಬದಲಾಯಿಸಿದ ಮೇಲೆ ಹುಡುಗನ ಅಜ್ಜಿ ಎಲೆಗೆ ಸುಣ್ಣ ಸವರಿ, ಅಡಿಕೆ, ಹೊಗೆಸೊಪ್ಪು ಇಟ್ಟು ಮಡಿಚಿ ಅಕ್ಕನ ಬಾಯಿಗೇ ಹಿಡಿದಳು.

"ತಕೊಳವ್ವ ಬೀಗಿತ್ತಿ. ನನ್ ಕೈಯಿಂದು ಬ್ಯಾಡ ಅನ್ಬ್ಯಾಡ."

ನಾನು ಎದ್ದೆ. ಅಕ್ಕ ನನ್ನ ಸೆರಗು ಹಿಡಿದು ಕೂರಿಸಿದಳು. "ಇದೊಂದಿನ ಸುಮ್ಕಿರೇ. ಹೆಣ್ ಕೊಡೋರು ನಾವು."

ಆ ಒಂದು ದಿನ ಮುಗಿಯಲಿಲ್ಲ. ಬೀಗರು ಬಂದಾಗಲೆಲ್ಲ ಎಲೆ, ಆಮೇಲೆ ಬೀಗರು ಇಲ್ಲದಾಗಲೂ. ಆಪರೇಷನ್ ಮದುವೆ ದಾಟಿತು. ಮದುವೆಯಾಗಿ ಸ್ವಲ್ಪ ದಿನಕ್ಕೆ ಮಚ್ಚೆ ಹುಣ್ಣಾಗಿ ಬಿರಿಯಿತು. ಎರಡನೇ ಚೂರನ್ನೂ ನಾನೇ ಕೊಯ್ದೆ. ಈ ಸಲ ಕಂದು ಬಣ್ಣ ಬೇಕಾಗಲಿಲ್ಲ. ಮಾಮೂಲಿ ಬಣ್ಣದಲ್ಲೇ ಕ್ಯಾನ್ಸರ್ ಕಾಣುತ್ತಿತ್ತು. ದವಡೆ ತೆಗೆದರು, ರೇಡಿಯೇಷನ್ ಕರೆಂಟು ಕೊಟ್ಟರು. ಅಷ್ಟು ಮಾತಾಡುತ್ತಿದ್ದವಳು ಕೊನೆಗೆ ಕೈಸನ್ನೆಯಲ್ಲಿ ನೀರು ಕೇಳುತ್ತಿದ್ದಳು. ಮೊಮ್ಮಗು ಹುಟ್ಟುವ ಮೊದಲೇ ಹೋದಳು.

ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಲ್ಲಿಡಬೇಕು. ಯಾರೋ ಹೊಗೆಸೊಪ್ಪು ಕೇಳಿದರು. ತುಂಬು ಬಸುರಿ ಪವಿತ್ರ ಎದ್ದುಹೋಗಿ ಒಂದು ಹಿಡಿ ಹುರಿಗಡಲೆ ತಂದು ಎಲೆಯ ತುದಿಗಿಟ್ಟಳು.

ನಾನು ಈಗಲೂ ಅದೇ ಲ್ಯಾಬಿನಲ್ಲಿದ್ದೇನೆ. ರಿಪೋರ್ಟ್ ಒಯ್ಯಲು ಬಂದವರು "ಕ್ಯಾನ್ಸರ್ ಇಲ್ಲ ತಾನೇ?" ಎಂದು ಬಾಗಿಲಲ್ಲೇ ಕೇಳುತ್ತಾರೆ. ನಾನು ಅವರನ್ನು ಡಾಕ್ಟರ ಎದುರು ಕೂರಿಸುತ್ತೇನೆ. 'ಇಲ್ಲ' ಎಂಬ ಮಾತನ್ನು ಡಾಕ್ಟರು ಈಗ ಕೊನೆಗೆ ಹೇಳುತ್ತಾರೆ. ಅದನ್ನು ಮೊದಲು ಕೇಳಿದವರಿಗೆ ಮಿಕ್ಕದ್ದು ಕೇಳಿಸುವುದಿಲ್ಲ. ಕೆಲಸ ನನಗೆ ಕಲಿಸಿದ್ದು ಇಷ್ಟು. ಅಕ್ಕನ ಎರಡೂ ಬ್ಲಾಕ್‌ಗಳು ಲ್ಯಾಬಿನ ಕಪಾಟಿನಲ್ಲಿವೆ. ಎರಡನೆಯದನ್ನು ನಾನು ಮುಟ್ಟುವುದಿಲ್ಲ. ಮೊದಲನೆಯದನ್ನು ಆಗೊಮ್ಮೆ ಈಗೊಮ್ಮೆ ಕೈಗೆತ್ತಿಕೊಳ್ಳುತ್ತೇನೆ. ಅದರಲ್ಲಿರುವ ಅಕ್ಕನಿಗೆ ಇನ್ನೂ ಸಮಯವಿತ್ತು.